ತಲೆ ಬೇರೆ, ಮುಂಡ ಬೇರೆ: ಎಲುಬುಗಳ ಸಾಕ್ಷ್ಯ ಓದುವ ವಿಜ್ಞಾನ

ಕಲಬುರಗಿಯಿಂದ ಶಹಾಪುರಕ್ಕೆ ಹೋಗುವ ದಾರಿಯಲ್ಲಿ ಭೀಮಾ ನದಿ ದಾಟಿದ ಮೇಲೆ ಜೇವರ್ಗಿ ಸಿಗುತ್ತದೆ. ಈ ಊರಿನ ಬಳಿ ಹಳೆಯ ಕಲ್ಲುಗುಪ್ಪೆಗಳ ಒಂದು ಸಮೂಹವಿತ್ತು. ವೃತ್ತಾಕಾರವಾಗಿ ಇಟ್ಟ ಗುಂಡುಕಲ್ಲುಗಳು, ನಡುವೆ ಕಲ್ಲುಮಣ್ಣಿನ ಗುಡ್ಡೆ, ಅದರ ಕೆಳಗೆ ಚಪ್ಪಡಿಗಳಿಂದ ಮಾಡಿದ ಕಲ್ಲುಪೆಟ್ಟಿಗೆ. ಇವು ಕಬ್ಬಿಣ ಯುಗದ ಜನರ ಸಮಾಧಿಗಳು. ಇಂದಿಗೆ ಸುಮಾರು ಎರಡರಿಂದ ಮೂರು ಸಾವಿರ ವರ್ಷ ಹಳೆಯವು ಎನ್ನಬಹುದು. 1850ರ ಆಸುಪಾಸಿನಲ್ಲಿ ಇವುಗಳಲ್ಲಿ ಕೆಲವನ್ನು ಫಿಲಿಪ್ ಮೆಡೋಸ್ ಟೇಲರ್ ಎಂಬ ಅಧಿಕಾರಿ ಅಗೆಸಿ ನೋಡಿದರು. ಒಳಗೆ ಮಡಕೆಗಳ ಜೊತೆಗೆ ಮನುಷ್ಯರ ಎಲುಬುಗಳಿದ್ದವು. ಆದರೆ ಎಲುಬುಗಳ ಸ್ಥಿತಿ ಅವರನ್ನು ಬೆಚ್ಚಿಬೀಳಿಸಿತು. ಕೆಲವು ಅಸ್ಥಿಪಂಜರಗಳಿಗೆ ತಲೆಯಿಲ್ಲ. ಬೇರೆ ಕಡೆ ತಲೆಬುರುಡೆಗಳಿವೆ, ಅವುಗಳಿಗೆ ದೇಹವಿಲ್ಲ. ಇದು ನರಬಲಿಯ ಕುರುಹು ಎಂದು ಟೇಲರ್ ತೀರ್ಮಾನಿಸಿದರು.

ಈ ತೀರ್ಮಾನ ಸರಿಯೇ? ಇಂಥ ಎಲುಬುಗಳು ಇಂದು ಸಿಕ್ಕರೆ ನಾವು ಏನನ್ನು ನೋಡುತ್ತೇವೆ? ಈ ಪ್ರಶ್ನೆಗಳು ಪುರಾತತ್ವಕ್ಕೆ ಮಾತ್ರ ಸೇರಿದವಲ್ಲ. ಹೊಲದ ಬದುವಿನಲ್ಲೋ, ಹಾಳುಬಾವಿಯಲ್ಲೋ, ಕಾಲುವೆ ತೋಡುವಾಗಲೋ ಎಲುಬು ಕಂಡಾಗ ಪೊಲೀಸರಿಗೆ ಎದುರಾಗುವುದೂ ಇವೇ ಪ್ರಶ್ನೆಗಳು: ಮನುಷ್ಯನದೇ? ಎಷ್ಟು ಹಳೆಯದು? ಯಾರದು? ಹೇಗೆ ಸತ್ತರು? ಇವಕ್ಕೆ ಉತ್ತರ ಹುಡುಕುವ ಶಾಸ್ತ್ರವೇ ವಿಧಿವಿಜ್ಞಾನ ಮಾನವಶಾಸ್ತ್ರ. ವೈದ್ಯರು ಮರಣೋತ್ತರ ಪರೀಕ್ಷೆಯಲ್ಲಿ ಮೃದು ಅಂಗಗಳನ್ನು ನೋಡಿ ಹೇಳುವ ಸಂಗತಿಗಳು ಮಾಂಸ ಕರಗಿದ ಮೇಲೆ ಲಭ್ಯವಿರುವುದಿಲ್ಲ. ಆಗ ಉಳಿಯುವುದು ಎಲುಬು ಮತ್ತು ಹಲ್ಲು. ಅಲ್ಲಿಂದ ಮುಂದಿನ ಕೆಲಸ ಈ ತಜ್ಞರದು.

ಟೇಲರ್ ಪುರಾತತ್ವ ಕಲಿತವರಲ್ಲ. ಅವರು ಹೈದರಾಬಾದ್ ನಿಜಾಮರ ಸೇವೆಯಲ್ಲಿದ್ದ ಸೇನಾಧಿಕಾರಿ. 1841ರಲ್ಲಿ ಸುರಪುರಕ್ಕೆ ಬಂದು, ಬಾಲಕರಾಗಿದ್ದ ರಾಜಾ ವೆಂಕಟಪ್ಪ ನಾಯಕರ ಪರವಾಗಿ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡರು. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವರದೇ ಬಂಗಲೆ. ಆಡಳಿತದ ನಡುವೆ ಬಿಡುವು ಮಾಡಿಕೊಂಡು ರಾಜನಕೋಳೂರಿನ ಕಲ್ಮನೆಗಳು, ಶಹಾಪುರ ಸಮೀಪದ ವಿಭೂತಿಹಳ್ಳಿಯ ಕಲ್ಲುಸಾಲುಗಳು, ಜೇವರ್ಗಿಯ ಗುಪ್ಪೆಗಳು ಎಲ್ಲವನ್ನೂ ಅಳೆದು, ಚಿತ್ರ ಬರೆದು, 1862ರಲ್ಲಿ ರಾಯಲ್ ಐರಿಷ್ ಅಕಾಡೆಮಿಗೆ ಒಂದು ಪ್ರಬಂಧವನ್ನು ಸಲ್ಲಿಸಿದರು. ಅದರಲ್ಲಿ ಗಮನಿಸಬೇಕಾದದ್ದು ಗುಪ್ಪೆಗಳ ಅಡ್ಡಛೇದದ ಚಿತ್ರಗಳು. ಮೇಲಿನ ಕಲ್ಲು, ನಡುವಿನ ಮಣ್ಣು, ಕೆಳಗಿನ ಪೆಟ್ಟಿಗೆ, ಯಾವ ಮಟ್ಟದಲ್ಲಿ ಏನಿತ್ತು ಎಂಬುದನ್ನು ಪದರ ಪದರವಾಗಿ ತೋರಿಸಿದ್ದರು. ನಿಧಿ ಹುಡುಕುವವರಂತೆ ಸಮಾಧಿಗಳನ್ನು ಬಗೆಯುತ್ತಿದ್ದ ಕಾಲದಲ್ಲಿ ಇದು ಅಪರೂಪ. ಸುಮಾರು ನೂರು ವರ್ಷಗಳ ನಂತರ ಮಾರ್ಟಿಮರ್ ವ್ಹೀಲರ್ ಅವರಂಥ ಕಟ್ಟುನಿಟ್ಟಿನ ಪುರಾತತ್ವಜ್ಞರೂ ಇದನ್ನು ಮೆಚ್ಚಿಕೊಂಡರು.

ಹಾಗಾಗಿ ಟೇಲರ್ ಅವರ ಕಣ್ಣನ್ನು ಅನುಮಾನಿಸಬೇಕಿಲ್ಲ. ಅನುಮಾನ ಇರುವುದು ಕಂಡದ್ದರಿಂದ ತೀರ್ಮಾನಕ್ಕೆ ಹಾರಿದ ಹೆಜ್ಜೆಯ ಬಗ್ಗೆ. ತಲೆ ಮುಂಡದಿಂದ ಬೇರೆಯಾಗಿದೆ ಎಂಬುದು ಒಂದು ವೀಕ್ಷಣೆ. ತಲೆಯನ್ನು ಕಡಿದಿದ್ದಾರೆ ಎಂಬುದು ಅದರ ಒಂದು ವಿವರಣೆ ಮಾತ್ರ. ಈ ಎರಡರ ನಡುವೆ ಮಣ್ಣು, ಕಾಲ, ಪ್ರಾಣಿಗಳು ಮತ್ತು ಜನರ ಸಂಸ್ಕಾರ ಪದ್ಧತಿಗಳು ಇವೆ.

ಮೊದಲ ಸಾಕ್ಷಿ ಮಣ್ಣು

ಎಲುಬು ಕಂಡ ಕೂಡಲೇ ಅದನ್ನು ಎತ್ತಿ ಚೀಲಕ್ಕೆ ತುಂಬುವುದು ನಮ್ಮಲ್ಲಿ ನಡೆದು ಬಂದ ರೂಢಿ. ತಜ್ಞರು ಇದಕ್ಕೆ ವಿರುದ್ಧವಾಗಿ ನಡೆಯುತ್ತಾರೆ. ಮೊದಲು ಯಾವುದನ್ನೂ ಮುಟ್ಟದೆ ಸ್ಥಳವನ್ನು ನೋಡುತ್ತಾರೆ. ಗುಂಡಿ ತೋಡಿ ಮತ್ತೆ ಮುಚ್ಚಿದ ಜಾಗದ ಮಣ್ಣು ಸುತ್ತಲಿನ ಮಣ್ಣಿನಂತಿರುವುದಿಲ್ಲ. ಮೇಲಿನ ಮಣ್ಣು ಕೆಳಗೆ, ಕೆಳಗಿನ ಗರಸು ಮೇಲೆ ಬಂದು ಬಣ್ಣ ಬೆರಕೆಯಾಗಿರುತ್ತದೆ. ಮಣ್ಣು ಸಡಿಲವಾಗಿರುವುದರಿಂದ ಅಲ್ಲಿ ನೀರು ಹೆಚ್ಚು ನಿಲ್ಲುತ್ತದೆ, ಹುಲ್ಲು ಬೇರೆ ರೀತಿ ಬೆಳೆಯುತ್ತದೆ, ವರ್ಷಗಳು ಕಳೆದಂತೆ ನಡುವೆ ತಗ್ಗು ಬೀಳುತ್ತದೆ. ಗುಂಡಿಯ ಅಂಚು ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆ. ಏಕೆಂದರೆ ಅಂಚಿನ ಒಳಗಿರುವುದೆಲ್ಲ ಗುಂಡಿ ಮುಚ್ಚುವ ಹೊತ್ತಿಗೆ ಅಲ್ಲಿ ಬಿದ್ದದ್ದು. ಸಲಿಕೆಯ ಗುರುತು ಕೂಡ ಆ ಅಂಚಿನ ಗೋಡೆಯಲ್ಲಿ ಉಳಿದಿರಬಹುದು.

ನಂತರ ದಾರ ಕಟ್ಟಿ ಚೌಕಗಳನ್ನು ಗುರುತಿಸಿ, ಕರಣಿ, ಬ್ರಷ್ ಮತ್ತು ಬಿದಿರಿನ ಕಡ್ಡಿಗಳಿಂದ ಮಣ್ಣನ್ನು ತೆಳುವಾಗಿ ತೆಗೆಯುತ್ತಾರೆ. ಎಲುಬಿನ ಬಳಿ ಕಬ್ಬಿಣದ ಸಲಕರಣೆ ಬಳಸುವುದಿಲ್ಲ, ಗೀರು ಬಿದ್ದರೆ ಅದೇ ಮುಂದೆ ಚಾಕುವಿನ ಗಾಯವೆಂದು ಗೊಂದಲ ಹುಟ್ಟಿಸಬಹುದು. ಇಡೀ ಅಸ್ಥಿಪಂಜರ ತೆರೆದುಕೊಳ್ಳುವವರೆಗೆ ಒಂದು ಎಲುಬನ್ನೂ ಕದಲಿಸುವುದಿಲ್ಲ. ಅಳತೆಪಟ್ಟಿ ಮತ್ತು ಉತ್ತರ ದಿಕ್ಕಿನ ಬಾಣ ಇಟ್ಟು ಚಿತ್ರ ತೆಗೆದು, ನಕ್ಷೆ ಬರೆದು, ಆಮೇಲೆ ಎತ್ತುತ್ತಾರೆ. ತೆಗೆದ ಮಣ್ಣನ್ನೆಲ್ಲ ಜರಡಿ ಹಿಡಿಯುತ್ತಾರೆ. ಹಲ್ಲು, ಬೆರಳ ಎಲುಬು, ಗುಂಡು, ಗುಂಡಿ, ಉಂಗುರ ಇವೆಲ್ಲ ಸಿಗುವುದು ಜರಡಿಯಲ್ಲೇ. ಎಲುಬನ್ನು ಕಾಗದದ ಚೀಲದಲ್ಲಿಡುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ.

ನಮ್ಮ ಯಾದಗಿರಿ ಸೀಮೆಯ ಮಣ್ಣಿಗೆ ತನ್ನದೇ ಗುಣಗಳಿವೆ. ಎರೆ ಭೂಮಿಯಲ್ಲಿ ಸುಣ್ಣದ ಅಂಶ ಹೆಚ್ಚು, ಆಮ್ಲೀಯತೆ ಕಡಿಮೆ. ಎಲುಬಿನ ಖನಿಜ ಭಾಗ ಕ್ಯಾಲ್ಸಿಯಂ ಫಾಸ್ಫೇಟ್ ಆದ್ದರಿಂದ ಇಂಥ ಮಣ್ಣಿನಲ್ಲಿ ಅದು ಬೇಗ ಕರಗುವುದಿಲ್ಲ. ಕರಾವಳಿ ಮತ್ತು ಮಲೆನಾಡಿನ ಆಮ್ಲೀಯ ಜಂಬಿಟ್ಟಿಗೆ ಮಣ್ಣಿನಲ್ಲಿ ಮಳೆನೀರು ಎಲುಬನ್ನು ಬಹುಬೇಗ ತಿಂದುಹಾಕುತ್ತದೆ. ಆದರೆ ಎರೆ ಮಣ್ಣಿಗೆ ಇನ್ನೊಂದು ಚಾಳಿ ಇದೆ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ವರ್ಷ ವರ್ಷವೂ ಹೀಗೆ ಉಸಿರಾಡುವ ಮಣ್ಣಿನಲ್ಲಿ ಎಲುಬುಗಳು ಒತ್ತಡಕ್ಕೆ ಸಿಕ್ಕಿ ಸೀಳುತ್ತವೆ, ಜಾಗ ಬದಲಿಸುತ್ತವೆ. ಮೇಲಿನ ಪದರದ ಮಣಿ, ನಾಣ್ಯ, ಹಲ್ಲು ಬಿರುಕಿನಲ್ಲಿ ಜಾರಿ ಕೆಳಗಿನ ಪದರಕ್ಕೆ ಸೇರಬಹುದು. ಎರೆ ಹೊಲದಲ್ಲಿ ಎಲುಬಿನ ಪಕ್ಕ ಐದು ಪೈಸೆ ನಾಣ್ಯ ಸಿಕ್ಕಿತೆಂದು ಅವೆರಡೂ ಒಂದೇ ಕಾಲದವು ಎಂದು ಬರೆದುಬಿಟ್ಟರೆ ಮೋಸ ಹೋಗುತ್ತೇವೆ. ಮಸಾರಿ ಭೂಮಿಯಲ್ಲಿ ಈ ತೊಂದರೆ ಅಷ್ಟಿಲ್ಲ, ಅಲ್ಲಿ ಗೆದ್ದಲು ಮತ್ತು ಬೇರುಗಳ ಕಾಟ. ಮೇಲ್ಮೈಯಲ್ಲಿ ಬಿದ್ದ ಎಲುಬುಗಳನ್ನು ನಾಯಿ, ನರಿಗಳು ಎಳೆದೊಯ್ಯುತ್ತವೆ. ಮುಳ್ಳುಹಂದಿಗಳು ಒಣಗಿದ ಎಲುಬನ್ನು ಕಡಿದು ಸಾಲಾಗಿ ಹಲ್ಲಿನ ಗೀರು ಮಾಡುತ್ತವೆ. ಇವನ್ನು ಗುರುತಿಸಲು ಬಾರದವರಿಗೆ ಅವೇ ಆಯುಧದ ಗುರುತುಗಳಾಗಿ ಕಾಣುತ್ತವೆ.

ಹೂಳಿದ ಭಂಗಿಯನ್ನು ಓದಲು ಊರಿನ ಪದ್ಧತಿ ಗೊತ್ತಿರಬೇಕು. ಕುಳಿತ ಭಂಗಿಯಲ್ಲಿ, ಅಂಗೈಯಲ್ಲಿ ಇಷ್ಟಲಿಂಗದೊಡನೆ ಇರುವ ಅಸ್ಥಿಪಂಜರ ಕಂಡರೆ ನಮ್ಮ ಭಾಗದ ಯಾರಿಗೂ ಅದು ಲಿಂಗಾಯತರ ಸಮಾಧಿಯೆಂದು ತಿಳಿಯುತ್ತದೆ. ಉತ್ತರ ದಕ್ಷಿಣವಾಗಿ ಮಲಗಿಸಿ ಮುಖವನ್ನು ಪಶ್ಚಿಮಕ್ಕೆ ತಿರುಗಿಸಿದ್ದರೆ ಮುಸ್ಲಿಮರ ಸಮಾಧಿ. ದೂರದೂರಿನಿಂದ ಬಂದ ತಜ್ಞರಿಗೆ ಮಡಚಿ ಕುಳಿತ ದೇಹ ಇಕ್ಕಟ್ಟಾದ ಗುಂಡಿಗೆ ಬಲವಂತವಾಗಿ ತುರುಕಿದಂತೆ ಕಾಣಬಹುದು. ಅಳತೆ ಎಷ್ಟೇ ಕರಾರುವಾಕ್ಕಾಗಿದ್ದರೂ ಇಂಥಲ್ಲಿ ಸ್ಥಳೀಯ ತಿಳಿವಳಿಕೆಯೇ ಕಾಯುವುದು.

ಮನುಷ್ಯನದೇ, ಎಷ್ಟು ಜನರದು?

ಸುರಪುರ ಸೀಮೆಯಲ್ಲಿ ಈ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುವಂತಿಲ್ಲ. ಇಲ್ಲಿನ ಬೂದಿಹಾಳದಲ್ಲಿ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಅವರು 1990ರ ದಶಕದಲ್ಲಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಬೂದಿದಿಬ್ಬ, ಅದರ ಪಕ್ಕದ ವಸತಿ ನೆಲೆ ಮತ್ತು ದನಗಳನ್ನು ಕಡಿದು ಮಾಂಸ ಬಿಡಿಸುತ್ತಿದ್ದ ನೆಲ ಬೆಳಕಿಗೆ ಬಂದವು. ಅಲ್ಲಿ ದನದ ಎಲುಬುಗಳ ರಾಶಿಯೇ ಇತ್ತು. ಅದೇ ನೆಲೆಯಲ್ಲಿ ಮಕ್ಕಳ ಸಮಾಧಿಗಳೂ ಸಿಕ್ಕಿವೆ. ಮಕ್ಕಳ ಎಲುಬು ಪರಿಚಯವಿಲ್ಲದವರಿಗೆ ಮನುಷ್ಯರದೆಂದು ತೋಚುವುದೇ ಕಷ್ಟ. ವಯಸ್ಕರಲ್ಲಿ 206 ಎಲುಬುಗಳಿದ್ದರೆ ನವಜಾತ ಶಿಶುವಿನಲ್ಲಿ ಇನ್ನೂ ಕೂಡಿಕೊಳ್ಳದ ತುಂಡುಗಳೆಲ್ಲ ಸೇರಿ ಮುನ್ನೂರರ ಹತ್ತಿರವಿರುತ್ತವೆ. ಅವು ನೋಡಲು ಕೋಳಿ, ಮೊಲದ ಎಲುಬಿನಂತಿರುತ್ತವೆ.

ಇಡೀ ಎಲುಬಾದರೆ ಆಕಾರದಿಂದಲೇ ತಿಳಿಯುತ್ತದೆ. ಎರಡು ಕಾಲಿನ ಮೇಲೆ ನಡೆಯುವ ಪ್ರಾಣಿಯ ಶ್ರೋಣಿ ಬೋಗುಣಿಯಂತಿರುತ್ತದೆ, ತೊಡೆಯೆಲುಬು ಮೊಣಕಾಲಿನ ಕಡೆಗೆ ಒಳವಾಲಿರುತ್ತದೆ. ಸಣ್ಣ ಚೂರಾದರೆ ಸೂಕ್ಷ್ಮದರ್ಶಕ ಬೇಕು. ದನದಂಥ ಪ್ರಾಣಿಗಳ ಎಲುಬಿನಲ್ಲಿ ಇಟ್ಟಿಗೆ ಜೋಡಿಸಿದಂತೆ ಕಾಣುವ ರಚನೆ ಹೇರಳ, ಮನುಷ್ಯರಲ್ಲಿ ವೃತ್ತಾಕಾರದ ಹ್ಯಾವರ್ಸಿಯನ್ ಘಟಕಗಳು ಹೆಚ್ಚು.

ಎಷ್ಟು ಜನರದು ಎಂಬುದಕ್ಕೆ ಸರಳ ಲೆಕ್ಕವಿದೆ. ಮೂರು ಎಡ ತೊಡೆಯೆಲುಬು ಸಿಕ್ಕರೆ ಕನಿಷ್ಠ ಮೂವರು. ಜೊತೆಗೆ ಒಂದು ಮಗುವಿನ ಬಲ ತೊಡೆಯೆಲುಬು ಇದ್ದು ಮೂವರೂ ವಯಸ್ಕರಾಗಿದ್ದರೆ ಕನಿಷ್ಠ ನಾಲ್ವರು. ಕನಿಷ್ಠ ಎಂಬ ಮಾತನ್ನು ಮಾತ್ರ ಎಂದೂ ಬಿಡಬಾರದು.

ಕಾಲದ ಪ್ರಶ್ನೆಗೆ ಒಂದು ಉಪಯುಕ್ತ ಗಡಿ ಇದೆ. 1950ರ ದಶಕದ ಮಧ್ಯದಿಂದ 1963ರವರೆಗೆ ವಾತಾವರಣದಲ್ಲಿ ನಡೆದ ಪರಮಾಣು ಸ್ಫೋಟ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14ರ ಪ್ರಮಾಣ ಸುಮಾರು ಎರಡು ಪಟ್ಟಾಯಿತು. ಆಮೇಲೆ ಬದುಕಿದ್ದ ಎಲ್ಲರ ದೇಹದಲ್ಲೂ ಅದರ ಮುದ್ರೆ ಇದೆ. ಎಲುಬು ಪೊಲೀಸರಿಗೆ ಸೇರಿದ್ದೋ ಪುರಾತತ್ವ ಇಲಾಖೆಗೆ ಸೇರಿದ್ದೋ ಎಂಬುದನ್ನು ಇದರಿಂದ ಬೇರ್ಪಡಿಸಬಹುದು.

ಲಿಂಗ, ವಯಸ್ಸು, ಎತ್ತರ

ಗಂಡೋ ಹೆಣ್ಣೋ ಎಂಬುದನ್ನು ಹೇಳಲು ಶ್ರೋಣಿಗಿಂತ ಒಳ್ಳೆಯ ಎಲುಬಿಲ್ಲ. ಹೆರಿಗೆಯ ಅನುಕೂಲಕ್ಕಾಗಿ ಹೆಣ್ಣಿನ ಶ್ರೋಣಿ ಅಗಲವಾಗಿದೆ. ಮುಂಭಾಗದಲ್ಲಿ ಎರಡು ಜಘನಾಸ್ಥಿಗಳು ಕೂಡುವ ಕೆಳಗಿನ ಕೋನ ದೊಡ್ಡದು, ಹಿಂಬದಿಯ ಕಚ್ಚು ಅಗಲ. 1969ರಲ್ಲಿ ಫೆನಿಸ್ ಎಂಬ ಸಂಶೋಧಕರು ಜಘನಾಸ್ಥಿಯ ಮೂರು ಲಕ್ಷಣಗಳಿಂದಲೇ ಶೇ. 95ಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಸರಿಯಾಗಿ ಹೇಳಬಹುದೆಂದು ತೋರಿಸಿದರು. ತಲೆಬುರುಡೆಯಲ್ಲಿ ಹುಬ್ಬಿನ ದಿಣ್ಣೆ, ಕಿವಿಯ ಹಿಂದಿನ ಉಬ್ಬು ಮೊದಲಾದವನ್ನು ನೋಡುತ್ತಾರೆ, ಆದರೆ ಅಲ್ಲಿ ತಪ್ಪಿನ ಪ್ರಮಾಣ ಹೆಚ್ಚು. ಪ್ರಾಯಕ್ಕೆ ಬರದ ಮಕ್ಕಳಲ್ಲಿ ಈ ವ್ಯತ್ಯಾಸಗಳು ಮೂಡಿಯೇ ಇರುವುದಿಲ್ಲ.

ವಯಸ್ಸಿನ ವಿಷಯದಲ್ಲಿ ಇದು ತಿರುಗುಮುರುಗು. ಮಕ್ಕಳ ವಯಸ್ಸನ್ನು ಬಹಳ ಹತ್ತಿರದಿಂದ ಹೇಳಬಹುದು, ದೊಡ್ಡವರದು ಕಷ್ಟ. ಮೊದಲ ಶಾಶ್ವತ ದವಡೆಹಲ್ಲು ಸುಮಾರು 6ನೇ ವರ್ಷಕ್ಕೆ, ಎರಡನೆಯದು 12ನೇ ವರ್ಷಕ್ಕೆ ಬರುತ್ತದೆ. ಬುದ್ಧಿಹಲ್ಲು ನಂಬಿಕೆಗೆ ಅರ್ಹವಲ್ಲ, ಕೆಲವರಿಗೆ ಬರುವುದೇ ಇಲ್ಲ. ಉದ್ದ ಎಲುಬುಗಳ ತುದಿಗಳು ಬೆಳವಣಿಗೆಯ ಕಾಲದಲ್ಲಿ ಮೃದ್ವಸ್ಥಿಯ ಪದರದಿಂದ ಬೇರ್ಪಟ್ಟಿದ್ದು, ಒಂದೊಂದೂ ತನ್ನದೇ ವಯಸ್ಸಿನಲ್ಲಿ ಕೂಡಿಕೊಳ್ಳುತ್ತವೆ. ಎಲ್ಲಕ್ಕಿಂತ ಕೊನೆಗೆ ಕೂಡುವುದು ಕೊರಳೆಲುಬಿನ ಎದೆಯ ಕಡೆಯ ತುದಿ. ಇದು ಹದಿಹರೆಯದ ಕೊನೆಗೆ ಶುರುವಾಗಿ ಮೂವತ್ತರ ಹತ್ತಿರಕ್ಕೆ ಮುಗಿಯುತ್ತದೆ. ಆದ್ದರಿಂದ ಇಪ್ಪತ್ತರ ಹರೆಯದವರನ್ನು ಗುರುತಿಸಲು ಈ ಚಿಕ್ಕ ಎಲುಬು ದೊಡ್ಡ ಸಹಾಯ.

ಮೂವತ್ತು ದಾಟಿದ ಮೇಲೆ ಬೆಳವಣಿಗೆ ನಿಂತು ಸವೆತ ಶುರುವಾಗುತ್ತದೆ. ಸವೆತ ಎಲ್ಲರಲ್ಲಿ ಒಂದೇ ಗತಿಯಲ್ಲಿ ನಡೆಯುವುದಿಲ್ಲ. ಜಘನಾಸ್ಥಿಗಳು ಕೂಡುವ ಮುಖದ ಬದಲಾವಣೆಯನ್ನು ಆರು ಹಂತಗಳಾಗಿ ವಿಂಗಡಿಸುವ ಸುಚಿ-ಬ್ರೂಕ್ಸ್ ಪದ್ಧತಿಯಲ್ಲಿ ಗಂಡಸರ ನಾಲ್ಕನೇ ಹಂತದ ಸರಾಸರಿ ವಯಸ್ಸು ಸುಮಾರು 35. ಆದರೆ ಅದರ ವ್ಯಾಪ್ತಿ 23ರಿಂದ 57! ಟಿ.ವಿ. ಧಾರಾವಾಹಿಗಳಲ್ಲಿ ತಜ್ಞರು ಎಲುಬನ್ನು ಎತ್ತಿ ಹಿಡಿದು "34 ವರ್ಷ" ಎಂದುಬಿಡುತ್ತಾರೆ. ನಿಜವಾದ ವರದಿಯಲ್ಲಿ ಅಂಥ ಒಂಟಿ ಸಂಖ್ಯೆ ಇದ್ದರೆ ಆ ವರದಿಯನ್ನು ನಂಬದಿರುವುದೇ ಒಳಿತು.

ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ಎಡವುಗಲ್ಲಿದೆ. ಇಲ್ಲಿನ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಬಾಲ್ಯದಲ್ಲಿ ಅಂಥ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಮಚ್ಚೆಗಳಿರುತ್ತವೆ. ದೀರ್ಘಕಾಲ ಕುಡಿದವರಲ್ಲಿ ಎಲುಬು ದಪ್ಪಗಾಗಿ, ಬೆನ್ನುಮಣಿಗಳ ನಡುವಿನ ಅಸ್ಥಿರಜ್ಜುಗಳು ಸುಣ್ಣಗಟ್ಟುತ್ತವೆ. ಇದನ್ನು ಅರಿಯದೆ ಬೆನ್ನೆಲುಬನ್ನು ಮಾತ್ರ ನೋಡಿದರೆ ನಲವತ್ತರ ಕೂಲಿಕಾರರನ್ನು ಎಪ್ಪತ್ತರ ಮುದುಕರೆಂದು ಬರೆಯುವ ಅಪಾಯವಿದೆ. ಅರಿತವರಿಗೆ ಅದೇ ಮಚ್ಚೆ ಒಂದು ಸುಳಿವು: ಈ ವ್ಯಕ್ತಿ ಬೆಳೆದದ್ದು ಫ್ಲೋರೈಡ್ ನೀರಿನ ಸೀಮೆಯಲ್ಲಿ.

ಎತ್ತರದ ಲೆಕ್ಕ ಶಾಲೆಯ ಗಣಿತವೇ. ಎರಡನೇ ಮಹಾಯುದ್ಧದಲ್ಲಿ ಮಡಿದ ಅಮೆರಿಕದ ಸೈನಿಕರ ಎಲುಬುಗಳನ್ನು ಅಳೆದ ಮಿಲ್ಡ್ರೆಡ್ ಟ್ರಾಟರ್ ಅವರು ಗೋಲ್ಡೀನ್ ಗ್ಲೇಸರ್ ಅವರೊಡನೆ 1952ರಲ್ಲಿ ಸೂತ್ರಗಳನ್ನು ಪ್ರಕಟಿಸಿದರು. ಬಿಳಿಯ ಗಂಡಸರಿಗೆ ಅದು ಹೀಗಿದೆ: ಎತ್ತರ = 2.38 × ತೊಡೆಯೆಲುಬಿನ ಉದ್ದ + 61.41 ಸೆಂ.ಮೀ. ತೊಡೆಯೆಲುಬು 45 ಸೆಂ.ಮೀ. ಇದ್ದರೆ ಎತ್ತರ 168.5 ಸೆಂ.ಮೀ., ಅದರಲ್ಲಿ 3.3 ಸೆಂ.ಮೀ. ಹೆಚ್ಚು ಕಡಿಮೆ. ಟ್ರಾಟರ್ ಅವರು ಟಿಬಿಯಾ ಎಲುಬಿನ ಕೆಳತುದಿಯನ್ನು ಅಳತೆಯಿಂದ ಬಿಟ್ಟಿದ್ದರೆಂಬುದು 1990ರ ದಶಕದಲ್ಲಿ ಪತ್ತೆಯಾಯಿತು. ಅಲ್ಲಿಯವರೆಗೆ ನಲವತ್ತು ವರ್ಷ ಟಿಬಿಯಾದ ಸೂತ್ರದಲ್ಲಿ ದೋಷ ಉಳಿದಿತ್ತು! ಅದಿರಲಿ, ಅಮೆರಿಕದ ಸೈನಿಕರ ಸೂತ್ರ ಸುರಪುರದ ಜನರಿಗೆ ಹೊಂದುತ್ತದೆಯೇ? ಕೈಕಾಲುಗಳ ಉದ್ದಕ್ಕೂ ಎತ್ತರಕ್ಕೂ ಇರುವ ಅನುಪಾತ ಜನಸಮುದಾಯದಿಂದ ಸಮುದಾಯಕ್ಕೆ ಬದಲಾಗುತ್ತದೆ. ನಮ್ಮ ದೇಶದಲ್ಲಿ ಪಾನ್ ಎಂಬ ವಿಜ್ಞಾನಿ 1924ರಷ್ಟು ಹಿಂದೆಯೇ ಭಾರತೀಯರಿಗಾಗಿ ಪ್ರತ್ಯೇಕ ಅಳತೆಗಳನ್ನು ಪ್ರಕಟಿಸಿದ್ದರು. ಅಧ್ಯಾಪಕರು ಇದನ್ನು ತರಗತಿಯಲ್ಲೇ ಮಾಡಿಸಬಹುದು. ಪ್ರತಿ ವಿದ್ಯಾರ್ಥಿಯ ಮೊಣಕೈಯಿಂದ ಮಣಿಕಟ್ಟಿನವರೆಗಿನ ಉದ್ದ ಮತ್ತು ಎತ್ತರವನ್ನು ಅಳೆದು ನಕ್ಷೆಯ ಹಾಳೆಯಲ್ಲಿ ಬಿಂದುಗಳಾಗಿ ಗುರುತಿಸಿ, ನಡುವೆ ಹಾದುಹೋಗುವ ರೇಖೆ ಎಳೆಯಲಿ. ಬಿಂದುಗಳು ರೇಖೆಯಿಂದ ಎಷ್ಟು ದೂರ ಚದುರಿವೆ ಎಂದು ನೋಡಿದರೆ 3.3ರ ಅರ್ಥ ತಾನಾಗಿ ಹೊಳೆಯುತ್ತದೆ.

ತಲೆಬುರುಡೆಯಿಂದ ಜನಾಂಗ ಹೇಳುವ ವಿದ್ಯೆಯ ಬಗ್ಗೆ ಎಚ್ಚರವಿರಬೇಕು. 1830ರ ದಶಕದಲ್ಲಿ ಮಧ್ಯ ಭಾರತದಲ್ಲಿ ಗಲ್ಲಿಗೇರಿಸಿದ ಏಳು ಠಕ್ಕರ ಬುರುಡೆಗಳನ್ನು ಎಡಿನ್‌ಬರೋಗೆ ಕಳಿಸಿ, ಅಪರಾಧ ಬುದ್ಧಿಯ ಉಬ್ಬು ಎಲ್ಲಿದೆಯೆಂದು ಅಲ್ಲಿನ ಕಪಾಲ ಶಾಸ್ತ್ರದ ಪಂಡಿತರು ತಡವಿ ನೋಡಿದ್ದರು. ಠಕ್ಕರ ಕುರಿತು 1839ರಲ್ಲಿ ಪ್ರಸಿದ್ಧ ಕಾದಂಬರಿ ಬರೆದವರೂ ನಮ್ಮ ಟೇಲರ್ ಅವರೇ ಎಂಬುದು ಸ್ವಾರಸ್ಯ.

ಹೆಸರು ಸಿಗುವವರೆಗೆ

ಗಂಡಸು, 25ರಿಂದ 35 ವರ್ಷ, 165ರಿಂದ 172 ಸೆಂ.ಮೀ. ಎತ್ತರ. ಇಷ್ಟು ತಿಳಿದರೆ ಯಾರೆಂದು ತಿಳಿದಂತಾಗಲಿಲ್ಲ. ಕಾಣೆಯಾದವರ ಪಟ್ಟಿಯಲ್ಲಿ ಯಾರನ್ನು ಬಿಡಬಹುದು ಎಂಬುದಷ್ಟೇ ಇದರಿಂದ ತಿಳಿದದ್ದು. ಸಾವಿರದ ಪಟ್ಟಿ ಹತ್ತಕ್ಕೆ ಇಳಿದ ಮೇಲೆ ವ್ಯಕ್ತಿಗತ ಗುರುತುಗಳ ಸರದಿ: ಹಿಂದೆ ಮುರಿದು ಕೂಡಿದ ಎಲುಬು, ಶಸ್ತ್ರಚಿಕಿತ್ಸೆಯಲ್ಲಿ ಹಾಕಿದ ಲೋಹದ ಪಟ್ಟಿ, ಹಲ್ಲಿಗೆ ತುಂಬಿದ ಸಿಮೆಂಟು, ಹಳೆಯ ಎಕ್ಸ್-ರೇ. ನೆತ್ತಿಯಿಂದ ಹುಬ್ಬಿನವರೆಗಿನ ಮುಂತಲೆಯ ಒಳಗಿರುವ ಗಾಳಿಗೂಡುಗಳ ಆಕಾರ ಬೆರಳಚ್ಚಿನಂತೆ ಪ್ರತಿಯೊಬ್ಬರಲ್ಲೂ ಬೇರೆ. ಛಾಯಾಚಿತ್ರದ ಮೇಲೆ ಬುರುಡೆಯ ಚಿತ್ರವನ್ನು ಕೂರಿಸಿ ನೋಡುವ ಅಧ್ಯಾರೋಪಣ ಪದ್ಧತಿಯೂ ಇದೆ. ಇದು 'ಈತನಲ್ಲ' ಎಂದು ಹೇಳಲು ಚೆನ್ನಾಗಿ ಒದಗುತ್ತದೆ, 'ಈತನೇ' ಎನ್ನಲು ಸಾಲದು.

ಬಡವರ ಪಾಲಿಗೆ ತೊಂದರೆ ಇರುವುದು ಇಲ್ಲಿಯೇ. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳಿಂದ ಪ್ರತಿವರ್ಷ ಬೆಂಗಳೂರು, ಮುಂಬೈ, ಗೋವಾಗಳಿಗೆ ಗುಳೆ ಹೋಗುವ ಕುಟುಂಬಗಳಲ್ಲಿ ಎಷ್ಟು ಜನರಿಗೆ ಹಲ್ಲಿನ ಎಕ್ಸ್-ರೇ ಇದ್ದೀತು? ಹೋದವರು ಮರಳದಿದ್ದರೆ ಮನೆಯವರ ಕೈಯಲ್ಲಿರುವುದು ಒಂದು ಪಡಿತರ ಚೀಟಿಯ ಚಿತ್ರ. ಕಾಣೆಯಾದವರು ಸತ್ತರೆಂದು ಕಾನೂನು ಭಾವಿಸುವುದು ಏಳು ವರ್ಷ ಸುದ್ದಿಯಿಲ್ಲದಿದ್ದ ಮೇಲೆ. ಅಲ್ಲಿಯವರೆಗೆ ಮರಣ ಪ್ರಮಾಣಪತ್ರವಿಲ್ಲ. ಅದಿಲ್ಲದೆ ವಿಧವಾ ವೇತನವಿಲ್ಲ, ಜಮೀನಿನ ಖಾತೆ ಬದಲಾಗುವುದಿಲ್ಲ. ಎಲ್ಲೋ ಶವಾಗಾರದಲ್ಲಿ 'ಅಪರಿಚಿತ' ಎಂಬ ಚೀಟಿ ಹೊತ್ತ ಪೆಟ್ಟಿಗೆಗೂ ಇಲ್ಲಿನ ಒಂದು ಮನೆಗೂ ಸಂಬಂಧ ಕಟ್ಟಿಕೊಡಲು ಇಂಥವರಿಗೆ ಉಳಿಯುವ ದಾರಿ ಡಿಎನ್ಎ. ತಾಯಿ, ಅಕ್ಕ, ಅಥವಾ ತಾಯಿಯ ಹೆಣ್ಣುಸಾಲಿಗೆ ಸೇರಿದ ಯಾರದೇ ರಕ್ತ ಸಿಕ್ಕರೂ ಮೈಟೊಕಾಂಡ್ರಿಯಾದ ಡಿಎನ್ಎ ಹೋಲಿಸಬಹುದು.

ಆದರೆ ಡಿಎನ್ಎ ಎಲ್ಲಕ್ಕೂ ಮದ್ದಲ್ಲ. ಬಿಸಿ ಅದರ ಶತ್ರು. ಹರಿಯಾಣದ ರಾಖಿಗಢಿಯಲ್ಲಿ ಸಿಕ್ಕ ಎಲುಬುಗಳ 61 ಮಾದರಿಗಳನ್ನು ಪರೀಕ್ಷಿಸಿದಾಗ ಬಳಸಬಹುದಾದಷ್ಟು ಪ್ರಾಚೀನ ಡಿಎನ್ಎ ದೊರೆತದ್ದು ಒಂದರಲ್ಲಿ ಮಾತ್ರ ಎಂದು 2019ರಲ್ಲಿ ವರದಿಯಾಯಿತು. ಒಳಕಿವಿಯನ್ನು ಸುತ್ತುವರಿದ ಗಟ್ಟಿ ಎಲುಬು ಮತ್ತು ಹಲ್ಲುಗಳಲ್ಲಿ ಅದು ಹೆಚ್ಚು ಕಾಲ ಉಳಿಯುತ್ತದೆ. ಹಲ್ಲಿನ ಎನಾಮಲ್ ಅಂತೂ ಅಪಾರ ತಾಳಿಕೆಯದು. ಸುರಪುರ ಸೀಮೆಯ ಇಸಾಂಪುರದ ಶಿಲಾಯುಗ ನೆಲೆಯಲ್ಲಿ ದೊರೆತ ಪ್ರಾಣಿಗಳ ಹಲ್ಲಿನ ಎನಾಮಲ್‌ನಿಂದಲೇ ಆ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ಕಾಲನಿರ್ಣಯ ಮಾಡಿದ್ದಾರೆ.

ಅಗೆಯುವವರ ಕೈಯಲ್ಲಿ ಎಷ್ಟು ಸಾಕ್ಷ್ಯ ಹಾಳಾಗಬಹುದು, ಹಾಳಾದ ಮೇಲೂ ಎಷ್ಟು ಉಳಿಸಿಕೊಳ್ಳಬಹುದು ಎಂಬುದಕ್ಕೆ ಪಂಜಾಬಿನ ಅಜ್ನಾಲಾ ಒಳ್ಳೆಯ ಉದಾಹರಣೆ. 1857ರಲ್ಲಿ ಲಾಹೋರ್ ಬಳಿ ಬಂಡೆದ್ದ 26ನೇ ದೇಶೀ ಪದಾತಿ ದಳದ 282 ಸಿಪಾಯಿಗಳು ಸೆರೆಸಿಕ್ಕು ಸತ್ತರೆಂದೂ, ಅವರ ಹೆಣಗಳನ್ನು ಅಲ್ಲಿನ ಬಾವಿಗೆ ಹಾಕಿದೆವೆಂದೂ ಅಮೃತಸರದ ಡೆಪ್ಯುಟಿ ಕಮಿಷನರ್ ಫ್ರೆಡರಿಕ್ ಕೂಪರ್ ತಾವೇ ಬರೆದಿದ್ದರು. 2014ರಲ್ಲಿ ಸ್ಥಳೀಯರು ಉತ್ಸಾಹದಿಂದ ಬಾವಿಯನ್ನು ಅಗೆದರು. ತಜ್ಞರಿರಲಿಲ್ಲ. ಎಲುಬುಗಳು ಮುರಿದು, ಒಂದರೊಳಗೊಂದು ಬೆರೆತು, ಯಾವುದು ಯಾರ ದೇಹದ್ದು ಎಂಬುದೇ ಕಳೆದುಹೋಯಿತು. ಇವರು 1857ರ ಸಿಪಾಯಿಗಳೋ, 1947ರ ದೇಶವಿಭಜನೆಯ ಗಲಭೆಯಲ್ಲಿ ಸತ್ತವರೋ ಎಂಬ ವಾದ ಎದ್ದಿತು. ಪಂಜಾಬ್ ವಿಶ್ವವಿದ್ಯಾಲಯದ ಜೆ. ಎಸ್. ಸೆಹ್ರಾವತ್, ಹೈದರಾಬಾದಿನ ಸಿ.ಸಿ.ಎಂ.ಬಿ. ಮೊದಲಾದ ಸಂಸ್ಥೆಗಳ ವಿಜ್ಞಾನಿಗಳೊಡನೆ ಹಲ್ಲುಗಳ ಮೊರೆಹೋದರು. 50 ಮಾದರಿಗಳ ಮೈಟೊಕಾಂಡ್ರಿಯಾ ಡಿಎನ್ಎ, 85 ಮಾದರಿಗಳ ಆಮ್ಲಜನಕದ ಐಸೊಟೋಪುಗಳನ್ನು ಪರೀಕ್ಷಿಸಿದರು. ಬಾಲ್ಯದಲ್ಲಿ ಕುಡಿದ ನೀರಿನ ಗುರುತು ಎನಾಮಲ್‌ನಲ್ಲಿ ಉಳಿಯುತ್ತದಷ್ಟೆ. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ ಇವರು ಪಂಜಾಬಿನವರಲ್ಲ, ಗಂಗಾ ಬಯಲಿನವರು. ಇದು ದಳದ ದಾಖಲೆಗೆ ಹೊಂದುತ್ತದೆ. ಇವರು ಯಾವ ಸೀಮೆಯವರು ಎಂಬುದೇನೋ ಸಿಕ್ಕಿತು. ಒಬ್ಬೊಬ್ಬರ ಹೆಸರು ಸಿಗಬೇಕಾದರೆ ಅವರ ಎಲುಬುಗಳು ಒಟ್ಟಿಗೆ ಉಳಿದಿರಬೇಕಿತ್ತು.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. ಎಲುಬು ಕಂಡವರು ಅದನ್ನು ತೊಳೆಯಬಾರದು, ಮನೆಗೆ ಒಯ್ಯಬಾರದು, ಅಗೆತ ನಿಲ್ಲಿಸಿ ಪೊಲೀಸರಿಗೆ ತಿಳಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಂತೆ ಅವರು ಪಂಚರ ಸಮಕ್ಷಮ ತನಿಖೆ ನಡೆಸುತ್ತಾರೆ. ಹೂಳಿದ ದೇಹವನ್ನು ಹೊರತೆಗೆಸುವ ಅಧಿಕಾರ 196ನೇ ಕಲಮಿನಂತೆ ಮ್ಯಾಜಿಸ್ಟ್ರೇಟರದು. ಎಲುಬುಗಳು ವೈದ್ಯಕೀಯ ಕಾಲೇಜಿಗೋ ವಿಧಿವಿಜ್ಞಾನ ಪ್ರಯೋಗಾಲಯಕ್ಕೋ ಹೋಗುತ್ತವೆ. ನಮ್ಮ ಭಾಗಕ್ಕೆ ಕಲಬುರಗಿಯಲ್ಲಿ ಪ್ರಾದೇಶಿಕ ಪ್ರಯೋಗಾಲಯವಿದೆ.

ಮತ್ತೆ ಜೇವರ್ಗಿಗೆ

ಈಗ ಟೇಲರ್ ಕಂಡ ತಲೆಗಳ ಪ್ರಶ್ನೆ. ತಲೆ ಮುಂಡದಿಂದ ಬೇರೆಯಾಗಲು ನಾಲ್ಕು ದಾರಿಗಳಾದರೂ ಇವೆ. ಒಂದು, ಕಡಿದಿರಬಹುದು. ಎರಡು, ದೇಹವನ್ನು ಬೇರೆಡೆ ಬಯಲಿಗಿಟ್ಟು, ಮಾಂಸ ಹೋದ ಮೇಲೆ ಆಯ್ದ ಎಲುಬುಗಳನ್ನು ಮಾತ್ರ ತಂದು ಸಮಾಧಿ ಮಾಡಿರಬಹುದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ವ್ಹೀಲರ್ ಅಗೆದ ಕಲ್ಲುಪೆಟ್ಟಿಗೆಗಳಲ್ಲಿ ಹಲವರ ಬುರುಡೆ ಮತ್ತು ಉದ್ದ ಎಲುಬುಗಳು ಹೀಗೆ ಗುಂಪುಗೂಡಿ ಸಿಕ್ಕವು. ದಖ್ಖನ್ನಿನ ಶಿಲಾಸಮಾಧಿಗಳಲ್ಲಿ ಇದು ಸಾಮಾನ್ಯ ಪದ್ಧತಿ. ಮೂರು, ಹಳೆಯ ಸಮಾಧಿಯನ್ನು ಮತ್ತೆ ತೆರೆದು ಹೊಸಬರನ್ನು ಮಲಗಿಸುವಾಗ ಹಳೆಯ ಎಲುಬುಗಳನ್ನು ಪಕ್ಕಕ್ಕೆ ಸರಿಸಿರಬಹುದು. ನಾಲ್ಕು, ಮಣ್ಣು ತುಂಬದ ಕಲ್ಲುಪೆಟ್ಟಿಗೆಯ ಪೊಳ್ಳಿನಲ್ಲಿ ಕುತ್ತಿಗೆ ಕೊಳೆತ ಮೇಲೆ ಬುರುಡೆ ತಾನಾಗಿಯೇ ಉರುಳಿರಬಹುದು.

ಇವನ್ನು ಬೇರ್ಪಡಿಸುವುದು ಕುತ್ತಿಗೆಯ ಏಳು ಮಣಿಗಳು. ದೇಹ ಕೊಳೆಯುವಾಗ ಕೀಲುಗಳು ಬಿಡುವುದಕ್ಕೆ ಒಂದು ಕ್ರಮವಿದೆ. ಕೈಬೆರಳು, ಪಾದದ ಮುಂಭಾಗ, ಕುತ್ತಿಗೆಯ ನಡುಭಾಗ ಬೇಗ ಬಿಡುತ್ತವೆ. ಸೊಂಟದ ಮಣಿಗಳು, ಮೊಣಕಾಲು, ಬುರುಡೆ ಮತ್ತು ಮೊದಲ ಮಣಿಯ ನಡುವಿನ ಕೀಲು ತಡವಾಗಿ ಬಿಡುತ್ತವೆ. ಬುರುಡೆ ಒಂಟಿಯಾಗಿದ್ದು ಕೆಳದವಡೆಯೂ ಇಲ್ಲ, ಮಣಿಯೂ ಇಲ್ಲ ಎಂದರೆ ಅದು ಪೂರ್ತಿ ಒಣಗಿದ ಮೇಲೆ ತಂದದ್ದು. ದವಡೆ ತನ್ನ ಸ್ಥಾನದಲ್ಲಿದ್ದು ಮೂರು ನಾಲ್ಕು ಮಣಿಗಳು ಸಾಲಾಗಿ ಅಂಟಿಕೊಂಡಿದ್ದರೆ ತಲೆ ಬೇರ್ಪಟ್ಟಾಗ ಮಾಂಸವಿತ್ತು. ಆಗಲೂ ಅವಸರ ಕೂಡದು, ಅರ್ಧ ಕೊಳೆತ ದೇಹದಲ್ಲೂ ಹೀಗಾಗಬಹುದು. ಮಣಿಯ ಮೇಲೆ ಕಡಿತದ ಗುರುತೇ ಕಾಣಬೇಕು. ಹಸಿ ಎಲುಬನ್ನು ಹರಿತವಾದ ಕಬ್ಬಿಣ ಕಡಿದರೆ ನುಣುಪಾದ ಓರೆ ಮುಖ ಉಂಟಾಗುತ್ತದೆ, ಅದರ ಬಣ್ಣ ಎಲುಬಿನ ಉಳಿದ ಭಾಗದಂತೆಯೇ ಇರುತ್ತದೆ. ಒಣ ಎಲುಬು ಒರಟಾಗಿ, ಸೀಮೆಸುಣ್ಣದಂತೆ ಅಡ್ಡಕ್ಕೆ ಮುರಿಯುತ್ತದೆ. ನಿನ್ನೆ ಮೊನ್ನೆ ಸಲಿಕೆ ತಗಲಿದ್ದರೆ ಮುರಿದ ಜಾಗ ಬೆಳ್ಳಗಿರುತ್ತದೆ. ಗಾಯದ ಅಂಚು ಮಾಯುತ್ತ ದುಂಡಗಾಗಿದ್ದರೆ ವ್ಯಕ್ತಿ ಆ ಗಾಯದ ನಂತರ ಒಂದೆರಡು ವಾರವಾದರೂ ಬದುಕಿದ್ದರು.

ಟೇಲರ್ ಗುಪ್ಪೆಯ ಪದರಗಳನ್ನು ಬರೆದುಕೊಂಡರು, ಬುರುಡೆಗಳು ಎಲ್ಲಿದ್ದವೆಂಬುದನ್ನೂ ತಿಳಿಸಿದರು. ಕುತ್ತಿಗೆಯ ಮಣಿಗಳನ್ನು ನೋಡಬೇಕೆಂದು ಹೇಳಿಕೊಡುವ ಶಾಸ್ತ್ರ ಆಗ ಇನ್ನೂ ಹುಟ್ಟಿರಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಬ್ರಹ್ಮಗಿರಿಯ ಹೋಲಿಕೆಯಿಂದ ಎರಡನೇ ದಾರಿಯೇ ಹೆಚ್ಚು ಸಂಭವನೀಯ, ಆದರೆ ಮೊದಲನೆಯದನ್ನು ತಳ್ಳಿಹಾಕಲು ಟೇಲರ್ ಅವರ ಚಿತ್ರಗಳಷ್ಟೇ ಸಾಲವು. ಸುರಪುರ, ಶಹಾಪುರ, ಜೇವರ್ಗಿ ಸೀಮೆಯಲ್ಲಿ ತೆರೆಯದ ಕಲ್ಲುಗುಪ್ಪೆ ಒಂದನ್ನು ಮುಂದೆ ಯಾರಾದರೂ ಅಗೆದರೆ, ಬುರುಡೆ ಕಂಡಾಗ ಅದನ್ನು ಎತ್ತುವ ಮೊದಲು ಅದರ ಕೆಳಗಿನ ಮಣ್ಣನ್ನು ಬ್ರಷ್‌ನಿಂದ ಸರಿಸಿ ಅಲ್ಲಿ ಎಷ್ಟು ಮಣಿಗಳಿವೆ ಎಂದು ಎಣಿಸಬೇಕು.